ಮಗಳ ಗೇಮ್ ಓದಿಗೆ ಹೊಲ ಒತ್ತೆ ಇಡಲೇ?

ಪ್ರಶ್ನೆ: ನಾವು ರೋಣ ತಾಲ್ಲೂಕಿನವರು. ಆರು ಎಕರೆ ಎರಿಹೊಲ ಐತಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲಿ, ಬಿಳಿಜೋಳ. ಮಗಳು ಗಜೇಂದ್ರಗಡದಾಗ ಪಿಯುಸಿ ಎರಡನೇ ವರ್ಷ, ಆರ್ಟ್ಸ್. ಸಣ್ಣಾಕಿ ಇದ್ದಾಗಿಂದ ಚಿತ್ರ ತೆಗೀತಾಳ. ಈಗ ‘ಅಪ್ಪಾ, ನಾ ಗೇಮ್ ಆರ್ಟ್ ಆಂಡ್ ಡಿಸೈನ್ ಓದತೇನಿ’ ಅಂತ ಹಟ ಹಿಡಿದಾಳ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನವರು ದಿನಾ ಫೋನ್ ಮಾಡಿ ‘ಸೀಟು ಮುಗೀತಾವ, ಮುಂಗಡ ಕಟ್ರಿ’ ಅಂತಾರ. ಅವರು ಹೇಳೋ ಫೀ ಕಟ್ಟಬೇಕಂದ್ರ ಹೊಲ ಒತ್ತಿ ಇಡಬೇಕು. ನರಗುಂದದಾಗ ನಮ್ಮಣ್ಣನ ಮಗ ಮೊಬೈಲಿನಾಗ ರಮ್ಮಿ ಆಡಿ, ಸಾಲ ಮಾಡಿಕೊಂಡು ಮನಿ ಬಿಟ್ಟು ಹೋಗಿದ್ದ. ಗೇಮ್ ಅಂದ ಕೂಡ್ಲೇ ಆಕಿ ಅವ್ವ ಅಳಾಕ ಹತ್ತತಾಳ. ನಾ ಏನ್ ಮಾಡ್ಲಿ?
— ಹೆಸರು ಬೇಡ, ರೋಣ ತಾಲ್ಲೂಕು

ಉತ್ತರ: ಯಜಮಾನರೇ, ಮುಂಗಡ ಕಟ್ಟಬೇಡಿ. ಹೊಲವನ್ನಂತೂ ಒತ್ತೆ ಇಡಲೇಬೇಡಿ. ಹಾಗಂತ ಮಗಳಿಗೆ ‘ಬೇಡ’ ಎಂದೂ ಹೇಳಬೇಡಿ. ಆಕೆ ಕೇಳುತ್ತಿರುವ ವಿದ್ಯೆ ಒಳ್ಳೆಯದೇ. ಅದನ್ನು ಕಲಿಯಲು ಫೋನ್ ಮಾಡುವವರು ತೋರಿಸುವ ದಾರಿಯೊಂದೇ ಇಲ್ಲ.

ಮೊದಲು ಆಕೆಯ ತಾಯಿಗೆ ಸಮಾಧಾನ ಹೇಳೋಣ. ನಿಮ್ಮ ಅಣ್ಣನ ಮಗನನ್ನು ಹಾಳು ಮಾಡಿದ್ದು ದುಡ್ಡು ಕಟ್ಟಿ ಆಡುವ ಜೂಜು. ಅಂಥ ಆಟಗಳನ್ನು ನಿಷೇಧಿಸಿ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾನೂನನ್ನೇ ತಂದಿದೆ. ಮಗಳು ಕಲಿಯಬೇಕೆಂದಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆಟದೊಳಗೆ ಕಾಣುವ ಊರು, ಕೋಟೆ, ಗಿಡ, ಮನುಷ್ಯರು, ಅವರು ತೊಟ್ಟ ಬಟ್ಟೆ, ಬೀಳುವ ಬೆಳಕು ಇವನ್ನೆಲ್ಲ ಯಾರೋ ಕೂತು ಬರೆದಿರುತ್ತಾರೆ, ಕಂಪ್ಯೂಟರಿನಲ್ಲಿ ಕಡೆದಿರುತ್ತಾರೆ. ಆಕೆ ಕಲಿಯಬೇಕೆಂದಿರುವುದು ಆ ಕಸುಬು. ಬೆಂಗಳೂರಿಗೆ ಇದು ಹೊಸದಲ್ಲ. ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಅಲ್ಲಿ ಶುರುವಾದದ್ದು 1997ರಲ್ಲಿ, ನಿಮ್ಮ ಗದಗ ಜಿಲ್ಲೆಯಾದ ವರ್ಷವೇ. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಗಾಡಿ, ಕಟ್ಟಡ, ಸಾಮಾನುಗಳನ್ನು ಮಾಡಿಕೊಡುವ ಕೆಲಸ ಬೆಂಗಳೂರಿನಲ್ಲಿ ಬಹಳ ವರ್ಷದಿಂದ ನಡೆದಿದೆ. ಇದನ್ನು ಆಕೆಯ ಅವ್ವನಿಗೆ ನೀವೇ ಕೂತು ತಿಳಿಸಿ ಹೇಳಿ. ಮಗಳು ಹೇಳಿದರೆ ವಾದ ಅನ್ನಿಸೀತು.

ಆ ಕೋರ್ಸಿನ ಹೆಸರಿನಲ್ಲಿ ಎರಡು ಬೇರೆ ಬೇರೆ ವಿದ್ಯೆಗಳಿವೆ. ಗೇಮ್ ಆರ್ಟ್ ಎಂದರೆ ಮೇಲೆ ಹೇಳಿದ ಚಿತ್ರದ ಕೆಲಸ. ಗೇಮ್ ಡಿಸೈನ್ ಎಂದರೆ ಆಟದ ನಿಯಮ ಕಟ್ಟುವುದು. ಚೌಕಾಬಾರ ನೆನಪಿಸಿಕೊಳ್ಳಿ. ಗುಡಿಕಟ್ಟೆಯ ಮೇಲೆ ಐದೈದು ಮನೆ, ನಾಲ್ಕು ಕವಡೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ಆ ಒಂದು ನಿಯಮ ತೆಗೆದು ಆಡಿ ನೋಡಿ. ಯಾರೂ ಯಾರ ಬೆನ್ನು ಹತ್ತುವುದಿಲ್ಲ, ಎಲ್ಲರೂ ತಮ್ಮ ಪಾಡಿಗೆ ಸುತ್ತು ಹಾಕಿ ಹಣ್ಣಾಗುತ್ತಾರೆ, ಆಟ ಸಪ್ಪಗಾಗುತ್ತದೆ. ಆ ನಿಯಮ ಹಾಕಿದವರು ಯಾರೋ, ಅವರಿಗೆ ಆಡುವವರ ಮನಸ್ಸು ಗೊತ್ತಿತ್ತು. ನಿಮ್ಮ ಮಗಳಿಗೆ ಇಂಥದ್ದರಲ್ಲಿ ರುಚಿಯಿದೆಯೋ, ಇಲ್ಲ ಚಿತ್ರದಲ್ಲಷ್ಟೇ ಇದೆಯೋ ಎಂಬುದನ್ನು ಆಕೆ ಈಗಲೇ ತಿಳಿದುಕೊಳ್ಳಬೇಕು. ನೀವು ಬರೆದದ್ದು ನೋಡಿದರೆ ಆಕೆಯದು ಚಿತ್ರದ ಕೈ ಅನ್ನಿಸುತ್ತದೆ.

ಇನ್ನು ನಿಮ್ಮ ಭಯ. ಅದು ಸುಳ್ಳಲ್ಲ. ಇದು ಏರಿಳಿತದ ಉದ್ಯಮ. 2025ರ ಆರಂಭದಲ್ಲಿ ಟೆಕ್ನಿಕಲರ್ ಎಂಬ ಜಾಗತಿಕ ಕಂಪನಿ ಮುಳುಗಿದಾಗ ಬೆಂಗಳೂರಿನಲ್ಲಿ ಅನಿಮೇಷನ್, ವಿಎಫ್‌ಎಕ್ಸ್, ಗೇಮ್ ಕೆಲಸ ಮಾಡುತ್ತಿದ್ದ ಬಹಳಷ್ಟು ಮಂದಿ ಏಕಾಏಕಿ ಮನೆಗೆ ಬಂದರು. ಒಳ್ಳೆಯ ಕೈ ಇದ್ದವರೂ ಅದರಲ್ಲಿದ್ದರು. ಹಾಗಾಗಿ ಹದಿನೆಂಟನೇ ವಯಸ್ಸಿನಲ್ಲಿ ಗೇಮ್ ಒಂದಕ್ಕೇ ಅಂಟಿದ ದುಬಾರಿ ಪದವಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಲಲಿತಕಲೆಯಲ್ಲೋ ವಿನ್ಯಾಸದಲ್ಲೋ ಗಟ್ಟಿಯಾದ ಪದವಿಯಾಗಲಿ. ಅದರ ಜೊತೆಗೇ ಗೇಮ್ ಕೆಲಸ ಕಲಿಯಲಿ. ಚಿತ್ರ ಬಲ್ಲವಳಿಗೆ ಗೇಮ್ ಇಲ್ಲದಿದ್ದರೆ ಅನಿಮೇಷನ್, ಜಾಹೀರಾತು, ಪಠ್ಯಪುಸ್ತಕ, ಆ್ಯಪ್ ಹೀಗೆ ನಾಲ್ಕು ಬಾಗಿಲು ತೆರೆದಿರುತ್ತವೆ. ಒಂದು ಸಾಫ್ಟ್‌ವೇರ್ ಮಾತ್ರ ಕಲಿತು ಬಂದವರಿಗೆ ಅಷ್ಟು ಬಾಗಿಲು ಇರುವುದಿಲ್ಲ.

ಎಲ್ಲಿ ಓದಬಹುದು? ಕೆಲವು ಐಐಟಿಗಳಲ್ಲಿ ಬಿ.ಡಿಸ್ ಎಂಬ ವಿನ್ಯಾಸ ಪದವಿ ಇದೆ. ಅದಕ್ಕೆ ಯುಸೀಡ್ ಎಂಬ ಪ್ರವೇಶ ಪರೀಕ್ಷೆಯನ್ನು ಐಐಟಿ ಬಾಂಬೆ ನಡೆಸುತ್ತದೆ. ಐಐಟಿ ಎಂದ ಕೂಡಲೇ ಸೈನ್ಸ್ ಬೇಕು ಎಂದುಕೊಳ್ಳಬೇಡಿ, ಆರ್ಟ್ಸ್ ಓದಿದವರೂ ಯುಸೀಡ್ ಬರೆಯಬಹುದು. ಸತತ ಎರಡು ವರ್ಷ ಅವಕಾಶವಿದೆ. ಪರೀಕ್ಷೆ ಜನವರಿಯಲ್ಲಿ, ಅರ್ಜಿ ಹಾಕುವುದು ದಸರೆ-ದೀಪಾವಳಿ ಹೊತ್ತಿಗೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾಧ್ಯಮದ ಹುಡುಗಿಗೆ ಅದು ಕಷ್ಟವೇ, ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ದಿನಾ ಓದಿದರೆ ಭಾಷೆ ಪಳಗುತ್ತದೆ. ಕೈಯಿಂದ ಚಿತ್ರ ಬರೆಯುವ ಭಾಗವೂ ಅದರಲ್ಲಿದೆ. ಎನ್‌ಐಡಿ ಎನ್ನುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬೇರೆಯದೇ ಪರೀಕ್ಷೆ ಇದೆ. ಅದರ ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನಲ್ಲೇ ಎಂ.ಡಿಸ್ ಮಾಡಬಹುದು, ಆದರೆ ಅದು ಪದವಿ ಮುಗಿದ ಮೇಲಿನ ಮಾತು.

ಈ ಪರೀಕ್ಷೆಗಳಲ್ಲಿ ಪೈಪೋಟಿ ಬಹಳ. ಸೀಟು ಸಿಗದಿದ್ದರೆ ಸೋತಂತೆ ಅಲ್ಲ. ಮೈಸೂರಿನಲ್ಲಿ ಸರ್ಕಾರದ್ದೇ ಆದ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ, ಜನ ಕಾವಾ ಎನ್ನುತ್ತಾರೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ. ಅಷ್ಟು ದೂರ ಯಾಕೆ, ಕಲಾವಿದ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾಮಂದಿರದ ಪರಂಪರೆ ನಿಮ್ಮ ಗದಗಿನಲ್ಲೇ ಇದೆ. ಒಂದು ದಿನ ರೋಣದಿಂದ ಬಸ್ಸು ಹತ್ತಿ ಮಗಳನ್ನು ಕರೆದುಕೊಂಡು ಹೋಗಿ, ಅಲ್ಲಿನ ಗುರುಗಳಿಗೆ ಆಕೆಯ ಚಿತ್ರಗಳನ್ನು ತೋರಿಸಿ. ಫೋನಿನಲ್ಲಿ ಸೀಟು ಮಾರುವವರ ನೂರು ಮಾತಿಗಿಂತ ಕೈ ಬಲ್ಲವರ ಒಂದು ಮಾತು ನಿಮಗೆ ಉಪಯೋಗ.

ಇಷ್ಟಾದರೂ ಖಾಸಗಿ ವಿಶ್ವವಿದ್ಯಾಲಯವನ್ನೇ ನೋಡಬೇಕೆನಿಸಿದರೆ ಖುದ್ದು ಹೋಗಿ ನೋಡಿ. ಪದವಿ ಕೊಡುವವರು ಯಾರು, ಅದು ಯುಜಿಸಿ ಮಾನ್ಯತೆಯ ವಿಶ್ವವಿದ್ಯಾಲಯವೇ, ಇಲ್ಲ ಬರೀ ಸರ್ಟಿಫಿಕೇಟೇ ಎಂದು ಕೇಳಿ. ಪಾಠ ಮಾಡುವವರು ಸ್ವತಃ ಯಾವ ಆಟಕ್ಕೆ ಕೆಲಸ ಮಾಡಿದ್ದಾರೆ ಎಂದು ಕೇಳಿ. ಹೋದ ವರ್ಷ ಮುಗಿಸಿ ಹೋದ ಮಕ್ಕಳ ಕೆಲಸ ತೋರಿಸಿ ಎನ್ನಿ. ಗೋಡೆಗೆ ಹಚ್ಚಿದ ನಾಲ್ಕು ಒಳ್ಳೆಯ ಚಿತ್ರ ಸಾಲದು, ಇಡೀ ತರಗತಿಯ ಕೆಲಸ ನೋಡಬೇಕು. ಹಾಸ್ಟೆಲ್ಲನ್ನು ಆಕೆಯ ತಾಯಿಯೇ ಒಮ್ಮೆ ನೋಡಿ ಬರಲಿ.

ಈಗ ಮಗಳಿಗೆ ನಾಲ್ಕು ಮಾತು. ತಂಗೀ, ಈ ಕ್ಷೇತ್ರದಲ್ಲಿ ಕೆಲಸ ಕೊಡುವವರು ಮೊದಲು ಕೇಳುವುದು ನೀನು ಮಾಡಿದ ಕೆಲಸವನ್ನು. ಅದಕ್ಕೆ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಅದು ಚೆನ್ನಾಗಿದ್ದರೆ ಒಂದು ಆರ್ಟ್ ಟೆಸ್ಟ್ ಕೊಡುತ್ತಾರೆ. ಪದವಿ ಕಾಗದ ಅದರ ಹಿಂದಿನಿಂದ ಬರುತ್ತದೆ. ಹಾಗಾಗಿ ಕಾಲೇಜಿಗೆ ಕಾಯದೆ ಈಗಲೇ ಶುರು ಮಾಡು. ಗಜೇಂದ್ರಗಡದ ಹತ್ತಿರವೇ ಸೂಡಿ ಇದೆ, ನೀನು ನೋಡಿರಲೇಬೇಕು. ಚಾಲುಕ್ಯರ ಕಾಲದ ಜೋಡು ಕಳಸದ ಗುಡಿಯನ್ನು ಸದ್ಯಕ್ಕೆ ಬಿಡು, ಅದು ಮೊದಲ ಕೆಲಸಕ್ಕೆ ಭಾರ. ಅಲ್ಲೇ ಇರುವ ನಾಗಕುಂಡ ಎಂಬ ಮೆಟ್ಟಿಲುಬಾವಿಗೆ ಹೋಗು. ಅದರ ಒಂದೇ ಒಂದು ಮೆಟ್ಟಿಲನ್ನು ಆರಿಸಿಕೊಂಡು ಉದ್ದ, ಅಗಲ, ಎತ್ತರ ಅಳೆದು ಬರೆದುಕೋ. ಕಾಲು ತುಳಿದು ಅಂಚು ಎಲ್ಲಿ ಸವೆದಿದೆ, ನೀರು ನಿಂತ ಗೆರೆ ಎಲ್ಲಿದೆ ನೋಡು. ಬೆಳಿಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ಪೆನ್ಸಿಲಿನಲ್ಲಿ ಬರೆ. ನೆರಳು ಅದೇ ಕಲ್ಲನ್ನು ಹೇಗೆ ಬೇರೆ ಮಾಡುತ್ತದೆಂದು ನಿನ್ನ ಕೈಗೆ ಗೊತ್ತಾಗಬೇಕು.

ಆಮೇಲೆ ಬ್ಲೆಂಡರ್ ಎಂಬ ತಂತ್ರಾಂಶ ಹಾಕಿಕೋ, ಅದು ಪುಕ್ಕಟೆ. ಚಿತ್ರ ಬರೆಯಲು ಕ್ರಿಟಾ, ಆಟ ಕಟ್ಟಲು ಗೊಡೊ, ಅವಕ್ಕೂ ದುಡ್ಡಿಲ್ಲ. ಆ ಒಂದು ಮೆಟ್ಟಿಲನ್ನು ಬ್ಲೆಂಡರಿನಲ್ಲಿ ಕಟ್ಟು. ಮುಂದೆ ಒಂದು ಮೂಲೆ, ಒಂದು ಗೋಡೆಯ ತುಂಡು, ಒಂದು ಕಂಬ. ಇಂಥ ಕೆಲವೇ ತುಂಡುಗಳನ್ನು ತಿರುಗಿಸಿ, ಜೋಡಿಸಿ ಇಡೀ ಕುಂಡ ನಿಲ್ಲಿಸುವುದೇ ಗೇಮ್ ಕಲಾವಿದರ ಜಾಣತನ, ಏಕೆಂದರೆ ಪ್ರತಿಯೊಂದು ಹೊಸ ತುಂಡೂ ಆಡುವವರ ಮೊಬೈಲಿಗೆ ಭಾರ. ಕಲ್ಲಿನ ಸಣ್ಣ ಕೆತ್ತನೆಯನ್ನು ಆಟದೊಳಗಿನ ಗೋಡೆಯಲ್ಲಿ ಕಡೆಯುವುದಿಲ್ಲ. ನಾರ್ಮಲ್ ಮ್ಯಾಪ್ ಎಂಬ ಒಂದು ಚಿತ್ರವನ್ನು ಚಪ್ಪಟೆ ಗೋಡೆಗೆ ಹೊದಿಸಿದರೆ ಬೆಳಕೇ ಉಬ್ಬುತಗ್ಗು ಇದ್ದಂತೆ ತೋರಿಸಿಬಿಡುತ್ತದೆ. ಇದನ್ನು ಮಾಡುತ್ತ ನಿನಗೆ ಬೇಸರ ಬಂದರೆ, ‘ಆಡುವುದೇ ಚೆಂದ, ಮಾಡುವುದು ಬೇಡ’ ಅನ್ನಿಸಿದರೆ, ಅದನ್ನು ಅಪ್ಪನಿಗೆ ಹೇಳು. ಹಾಗೆ ಹೇಳಲು ನಾಚಬೇಡ. ರಾತ್ರಿ ಊಟಕ್ಕೆ ಕರೆದರೂ ಏಳಲು ಮನಸ್ಸಾಗದಿದ್ದರೆ ಮುಂದುವರಿ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ ನಮ್ಮ ಪುರಾಣ, ನಮ್ಮ ಚಿತ್ರಶೈಲಿಗಳನ್ನೇ ಇಟ್ಟುಕೊಂಡು 2020ರಲ್ಲಿ ‘ರಾಜಿ’ ಎಂಬ ಆಟ ಹೊರತಂದಿತು. ಅದನ್ನು ಹುಡುಕಿ ನೋಡು.

ಯಜಮಾನರೇ, ಇದಕ್ಕೆ ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ಈಗಲೇ ಬೇಕಿಲ್ಲ. ಸಾಧಾರಣವಾದ ಒಂದು ಡೆಸ್ಕ್‌ಟಾಪ್ ಸಾಕು, ಲ್ಯಾಪ್‌ಟಾಪಿಗಿಂತ ಸೋವಿ, ರಿಪೇರಿಯೂ ಸುಲಭ. ಓದಿಗೆ ಸಾಲ ಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲ ತೆಗೆಯಿರಿ, ಅದರ ಕಂತು ಓದು ಮುಗಿದ ಮೇಲೆ ಶುರುವಾಗುತ್ತದೆ. ಐಐಟಿಯಂಥ ಆಯ್ದ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ವರ್ಷದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿಯೂ ಇದೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದನ್ನು ಮರೆಯಬೇಡಿ. ಜಾತಿ-ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ.

ನಾಳೆ ಮತ್ತೆ ಆ ಕಾಲೇಜಿನವರು ಫೋನ್ ಮಾಡಿದರೆ, ಫೀ ಎಷ್ಟು, ಹಾಸ್ಟೆಲ್ಲಿಗೆ ಎಷ್ಟು, ಸೀಟು ಬಿಟ್ಟರೆ ಎಷ್ಟು ವಾಪಸ್ ಕೊಡುತ್ತೀರಿ, ಇದನ್ನೆಲ್ಲ ಕಾಲೇಜಿನ ಕಾಗದದಲ್ಲಿ ಸಹಿ ಹಾಕಿ ಕಳಿಸಿ ಎನ್ನಿ. ಕಾಗದ ಬರುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.