ಅಕ್ರಿಲಿಕ್ ಶೀಟಿಗೆ ಬಿರುಕು ಬೀಳದ ಹಾಗೆ

ನಾಸಿಕ್ ಹತ್ತಿರದ ಓಝರ್‌ನಲ್ಲಿ ಮಿಗ್-21 ತಯಾರಿಸಲೆಂದು ಎಚ್‌ಎಎಲ್ ಕಾರ್ಖಾನೆ ಸ್ಥಾಪನೆಯಾದದ್ದು 1964ರಲ್ಲಿ. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಈ ಸಂಸ್ಥೆ ಮುಂದೆ ಸುಖೋಯ್-30 ವಿಮಾನಗಳನ್ನೂ ಅಲ್ಲಿಯೇ ಕಟ್ಟಿತು. ಇಂಥ ಯುದ್ಧವಿಮಾನಗಳಲ್ಲಿ ಪೈಲಟ್‌ನ ತಲೆಯ ಮೇಲೆ ಕವಿದಿರುವ ಪಾರದರ್ಶಕ ಮುಚ್ಚಳ ಅಕ್ರಿಲಿಕ್ ಬಳಗದ್ದು. ಹೆಸರಿನ ಫಲಕಕ್ಕೆ, ಫೋಟೊ ಚೌಕಟ್ಟಿಗೆ, ಮೀನಿನ ತೊಟ್ಟಿಯ ಮುಚ್ಚಳಕ್ಕೆಂದು ಅಂಗಡಿಯಿಂದ ತರುವ ಶೀಟೂ ಅದೇ ಕುಲದ್ದು. ಗಾಜಿನ ಅರ್ಧದಷ್ಟೂ ತೂಕವಿಲ್ಲ, ಬೆಳಕನ್ನು ಚೆನ್ನಾಗಿ ಬಿಡುತ್ತದೆ. ಆದರೆ ಮರಕ್ಕೆ ಕೊರೆದ ಹಾಗೆ ಡ್ರಿಲ್ ಒತ್ತಿದರೆ ಟಪ್ಪೆಂದು ಸೀಳುತ್ತದೆ.

ಕೊಳ್ಳುವಾಗಲೇ ಒಂದು ಮಾತು ಕೇಳಬೇಕು: ಶೀಟ್ ಕಾಸ್ಟೋ (ಎರಕ ಹೊಯ್ದದ್ದು), ಎಕ್ಸ್‌ಟ್ರೂಡೆಡ್ಡೋ (ಒತ್ತಿ ಹೊರತೆಗೆದದ್ದು)? ಎರಡನೆಯದು ಅಗ್ಗ, ಆದರೆ ಬಿಸಿಗೆ ಬೇಗ ಮೆತ್ತಗಾಗಿ ಬಿಟ್‌ಗೆ ಅಂಟಿಕೊಳ್ಳುತ್ತದೆ. ತೂತು ಕೊರೆಯುವ ಕೆಲಸವಿದ್ದರೆ ಕಾಸ್ಟ್ ಶೀಟೇ ಸರಿ.

ಎರಡೂ ಬದಿಯ ರಕ್ಷಣಾ ಕಾಗದವನ್ನು ಕೆಲಸ ಮುಗಿಯುವವರೆಗೆ ಕೀಳಬಾರದು. ಗುರುತು ಅದರ ಮೇಲೆಯೇ ಹಾಕಬಹುದು. ಕಣ್ಣಿಗೆ ಪಕ್ಕದಿಂದಲೂ ಮುಚ್ಚುವ ಕನ್ನಡಕ, ಮೂಗಿಗೆ ಮಾಸ್ಕ್ ಬೇಕು. ಕೈಗವಸು ಮಾತ್ರ ಬೇಡ, ತಿರುಗುವ ಬಿಟ್ ಅದನ್ನು ಎಳೆದುಕೊಂಡರೆ ಬೆರಳೂ ಜತೆಗೆ ಹೋಗುತ್ತದೆ. ಅಕ್ರಿಲಿಕ್ ಹೊತ್ತಿ ಉರಿಯುವ ವಸ್ತು, ಆದ್ದರಿಂದ ಹತ್ತಿರದಲ್ಲಿ ಬೆಂಕಿ ಇರಬಾರದು, ಕಿಟಕಿ ತೆರೆದಿರಬೇಕು.

3 ಮಿ.ಮೀ. ಶೀಟಿಗೆ ಗರಗಸವೇ ಬೇಡ. ಉಕ್ಕಿನ ಸ್ಕೇಲನ್ನು ಕ್ಲಾಂಪ್ ಮಾಡಿ, ಸ್ಕೋರಿಂಗ್ ಚಾಕುವಿನಿಂದ ಒಂದೇ ಗೆರೆಯ ಮೇಲೆ ಹಲವು ಸಲ ಗೀರಬೇಕು. ದಪ್ಪದ ಮೂರನೇ ಒಂದು ಭಾಗ ಇಳಿದ ಮೇಲೆ ಗೆರೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಕೂರಿಸಿ ಕೆಳಕ್ಕೆ ಒತ್ತಿದರೆ ನೇರವಾಗಿ ಮುರಿಯುತ್ತದೆ. ಒಂದೂವರೆ ಇಂಚಿಗಿಂತ ಕಿರಿದಾದ ಪಟ್ಟಿಗೆ ಈ ಉಪಾಯ ನಂಬಬಾರದು. ದಪ್ಪ ಶೀಟಿಗೂ ತಿರುವುಗಳಿಗೂ ಸಣ್ಣ ಹಲ್ಲಿನ ಬ್ಲೇಡಿನ ಜಿಗ್‌ಸಾ ಬೇಕು, ವೇಗ ಮಧ್ಯಮ. ವೇಗ ಹೆಚ್ಚಾದರೆ ಕತ್ತರಿಸಿದ ಸೀಳು ಹಿಂದೆಯೇ ಕರಗಿ ಮತ್ತೆ ಬೆಸೆದುಕೊಳ್ಳುತ್ತದೆ.

ಒಳಗೆ ಚೌಕ ಕಿಂಡಿ ತೆಗೆಯುವುದಿದ್ದರೆ ಮೊದಲು ನಾಲ್ಕು ಮೂಲೆಗಳಲ್ಲೂ ದುಂಡು ತೂತು ಕೊರೆದು, ಅವುಗಳ ನಡುವೆ ಕತ್ತರಿಸಬೇಕು. ಚೂಪು ಮೂಲೆಯಲ್ಲಿ ಒತ್ತಡ ಒಟ್ಟುಗೂಡಿ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. 1954ರಲ್ಲಿ ಕಾಮೆಟ್ ಎಂಬ ಎರಡು ಪ್ರಯಾಣಿಕ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದಾಗ ತನಿಖೆ ಬೆರಳು ತೋರಿಸಿದ್ದು ಹೊರಕವಚದ ಕಿಂಡಿಗಳ ಮೂಲೆಗಳತ್ತ. ಅದು ಅಲ್ಯೂಮಿನಿಯಂ, ನಿಯಮ ಅಕ್ರಿಲಿಕ್‌ಗೂ ಒಂದೇ.

ಇನ್ನು ತೂತು. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಬಿಟ್‌ನ ತುದಿ 118 ಡಿಗ್ರಿ ಕೋನದ್ದು, ಲೋಹಕ್ಕಾಗಿ ಮಾಡಿದ್ದು. ಅದರ ಹರಿತವಾದ ಅಂಚು ಅಕ್ರಿಲಿಕ್ ಅನ್ನು ಹೆರೆಯದೆ ಸ್ಕ್ರೂನಂತೆ ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. 60ರಿಂದ 90 ಡಿಗ್ರಿಯ ಪ್ಲಾಸ್ಟಿಕ್ ಬಿಟ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಎಣ್ಣೆಕಲ್ಲಿನಿಂದ ಬಿಟ್‌ನ ಎರಡೂ ಕತ್ತರಿ ಅಂಚುಗಳ ಮುಂಭಾಗವನ್ನು, ಬಿಟ್‌ನ ಉದ್ದಕ್ಕೆ ಸಮಾನಾಂತರವಾಗಿ ಉಜ್ಜಿ, ಕೂದಲೆಳೆಯಷ್ಟು ಚಪ್ಪಟೆ ಮಾಡಬೇಕು. ಇಷ್ಟು ಮಾಡಿದರೆ ಕಚ್ಚುವ ಬಿಟ್ ಹೆರೆಯುವ ಬಿಟ್ ಆಗುತ್ತದೆ. ಈ ಒಂದು ಕೆಲಸವೇ ಎಷ್ಟೋ ಶೀಟ್‌ಗಳನ್ನು ಉಳಿಸುತ್ತದೆ.

ಶೀಟಿನ ಕೆಳಗೆ ಪ್ಲೈವುಡ್ ಇಟ್ಟು ಎರಡನ್ನೂ ಒಟ್ಟಿಗೆ ಕ್ಲಾಂಪ್ ಮಾಡಬೇಕು, ಏಕೆಂದರೆ ಸೀಳುವುದು ಬಹುತೇಕ ಬಿಟ್ ಹೊರಬೀಳುವ ಕೊನೆಯ ಮಿಲಿಮೀಟರಿನಲ್ಲಿ. ಅಂಚಿನಿಂದ ತೂತಿನ ವ್ಯಾಸದ ಎರಡು ಪಟ್ಟಾದರೂ ದೂರ ಇರಲಿ. 6 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ ಸುಮಾರು 1000 ಸುತ್ತು ಸಾಕು. ಹ್ಯಾಮರ್ ಮೋಡ್ ಖಂಡಿತ ಬೇಡ. ಉದ್ದನೆಯ ಸುರುಳಿ ಹೊಟ್ಟು ಬರುತ್ತಿದ್ದರೆ ಕೆಲಸ ಸರಿಯಿದೆ. ಜಿಗುಟು ಉಂಡೆ ಬಂದರೆ ಬಿಸಿ ಮೀರಿದೆ, ಬಿಟ್ ಹೊರತೆಗೆದು ತಣಿಸಬೇಕು. ಕೊನೆಗೆ ಒತ್ತಡ ಸಡಿಲಿಸಿ ಡ್ರಿಲ್‌ನ ಭಾರಕ್ಕೇ ಇಳಿಯಲು ಬಿಡಬೇಕು.

ತೂತು ಸ್ಕ್ರೂಗಿಂತ ದೊಡ್ಡದಿರಲೇಬೇಕು, ಏಕೆಂದರೆ ಅಕ್ರಿಲಿಕ್ ಬಿಸಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ. ಓಝರ್ ಇರುವ ನಿಫಾಡ್ ತಾಲ್ಲೂಕು ಮಹಾರಾಷ್ಟ್ರದ ತೀವ್ರ ಚಳಿಗೆ ಹೆಸರಾದದ್ದು. ಬೇಸಿಗೆಯಲ್ಲಿ ಅಲ್ಲಿ ಬಿಸಿಲೂ ಅಷ್ಟೇ ಖಡಕ್. 35 ಡಿಗ್ರಿ ವ್ಯತ್ಯಾಸ ಬಿದ್ದರೆ ಒಂದು ಮೀಟರ್ ಅಕ್ರಿಲಿಕ್ ಸುಮಾರು 2.5 ಮಿ.ಮೀ. ಹಿಗ್ಗುತ್ತದೆ. ಕಲಬುರಗಿ, ರಾಯಚೂರಿನ ಗೋಡೆಯ ಮೇಲಿನ ಫಲಕಕ್ಕೂ ಬಿಸಿಲು ಬಿಡುವುದಿಲ್ಲ. ಮಧ್ಯದ ಒಂದು ತೂತು ಮಾತ್ರ ಬಿಗಿಯಾಗಿರಲಿ. ಉಳಿದೆಡೆ 4 ಮಿ.ಮೀ. ಸ್ಕ್ರೂಗೆ 7 ಮಿ.ಮೀ. ತೂತು, ಅಗಲವಾದ ನೈಲಾನ್ ವಾಷರ್, ಹಿತವಾದ ಬಿಗಿ. ಗಂಟೆಗಟ್ಟಲೆ ಚಂದವಾಗಿ ಕೊರೆದ ಫಲಕ ಸ್ಕ್ರೂ ಬಿಗಿದ ವರ್ಷವೇ ಸೀಳಿದರೆ ಕಾರಣವನ್ನು ಇಲ್ಲಿಯೇ ಹುಡುಕಬೇಕು.

ಅಂಚನ್ನು ಮೊದಲು 220, ಆಮೇಲೆ 400, 600ರ ಎಮರಿ ಕಾಗದದಿಂದ ನೀರು ಹಾಕಿ ಉಜ್ಜಿದರೆ ನುಣುಪಾಗುತ್ತದೆ. ಸ್ವಚ್ಛಗೊಳಿಸಲು ಸೌಮ್ಯ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಥಿನ್ನರ್, ಸ್ಪಿರಿಟ್, ಸ್ಪಿರಿಟ್ ಬೆರೆತ ಗಾಜಿನ ಕ್ಲೀನರ್ ತಾಗಿಸಬಾರದು. ಕೊರೆದ ತೂತಿನ ಸುತ್ತ ಉಳಿದ ಒತ್ತಡಕ್ಕೆ ಅವು ಸೋಕಿದರೆ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಮೂಡುತ್ತವೆ, ಆ ಬಿರುಕುಗಳನ್ನು ಯಾವ ಪಾಲಿಷೂ ತೆಗೆಯಲಾರದು.