ಫೈಲಿಗೆ ಬಣ್ಣ ಹತ್ತುವುದಿಲ್ಲ

ಅಕ್ಕಲಕೋಟೆಯಲ್ಲಿ ಕನ್ನಡ ಟೈಪಿಂಗ್ ಮಾಡುವವರಿಗೆ ಬರುವ ಕೆಲಸ ಬಹುತೇಕ ಗೊತ್ತಿದ್ದದ್ದೇ: ಕನ್ನಡ ಶಾಲೆಯ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಯಾರದೋ ಬೀಳ್ಕೊಡುಗೆ ಭಾಷಣ. ಮೊದಲ ಕರಡನ್ನು ನಾನು ನೋಟ್‌ಪ್ಯಾಡಿನಲ್ಲೇ ಹೊಡೆಯುತ್ತೇನೆ. ಹಳೆಯ ಕಂಪ್ಯೂಟರಿನಲ್ಲೂ ತಟ್ಟನೆ ತೆರೆಯುತ್ತದೆ, ಸೊಲ್ಲಾಪುರದ ಪ್ರೆಸ್ಸಿಗೆ ಕಳಿಸಲು ಫೈಲು ಹಗುರ. ಕಾಡುತ್ತಿದ್ದದ್ದು ದಿನವಿಡೀ ಕಣ್ಣೆದುರಿನ ಆ ಬಿಳಿ ಪರದೆ.

ಕಣ್ಣಿನ ಆಪರೇಶನ್ ಆಗಿದ್ದ ನಿವೃತ್ತ ಮಾಸ್ತರರೊಬ್ಬರು ತಮ್ಮ ನೆನಪುಗಳನ್ನು ಬರೆದು ತಂದಿದ್ದರು. "ತಂಗೀ, ಕಂಪ್ಯೂಟರಿನ ಬಿಳೀದು ಕಣ್ಣಿಗೆ ಹೊಡೀತದವ್ವಾ, ಜರಾ ಹಳದಿ ಮಾಡಿ ಕೊಡು" ಅಂದರು. ನನ್ನ ಪರದೆಯನ್ನು ನಾನು ಆಗಲೇ ಹಳದಿ ಮಾಡಿಕೊಂಡಿದ್ದೆ, ತೋರಿಸಿದೆ. "ಆದರ ಇದು ನಿಮ್ಮ ಕಂಪ್ಯೂಟರಿಗೆ ಬರೂದಿಲ್ಲರೀ ಮಾಸ್ತರ್ರ" ಅಂತಲೂ ಹೇಳಿದೆ. ಸಂಜೆ ಫೋನು ಬಂದೇ ಬಂತು: "ಮನ್ಯಾಗ ಮತ್ತ ಬಿಳೀನ ಕಾಣಸ್ತದಲ್ಲ!"

ಕಾರಣ ಇಷ್ಟೇ. ನೋಟ್‌ಪ್ಯಾಡಿನ ಫೈಲಿನಲ್ಲಿ ಅಕ್ಷರಗಳ ಸಂಕೇತ ಬಿಟ್ಟರೆ ಮತ್ತೇನೂ ಇರುವುದಿಲ್ಲ. ಸೊಲ್ಲಾಪುರದ ಜಕಾರ್ಡ್ ಚಾದರಿನಲ್ಲಿ ಬಣ್ಣ ಹಾಕಿದ ನೂಲನ್ನೇ ನೇಯುವುದರಿಂದ ಚಾದರು ಯಾವ ಊರಿಗೆ ಹೋದರೂ ಬಣ್ಣ ಜೊತೆಗೇ ಹೋಗುತ್ತದೆ. ಈ ಫೈಲಿನಲ್ಲಿ ಅಂಥ ನೂಲೇ ಇಲ್ಲ. ಹಿನ್ನೆಲೆಯ ಬಣ್ಣ, ಫಾಂಟು, ಅಕ್ಷರದ ಗಾತ್ರ ಎಲ್ಲವೂ ತೆರೆಯುವ ಕಂಪ್ಯೂಟರಿನ ಸೆಟ್ಟಿಂಗು. ಆದ್ದರಿಂದ ಮಾಸ್ತರರ ಮನೆಗೆ ಹೋಗಿ ಅವರ ಕಂಪ್ಯೂಟರನ್ನೇ ಸರಿಮಾಡಿ ಬಂದೆ.

ವಿಂಡೋಸ್ 7ರಲ್ಲಿ ಇದು ಸುಲಭ: ಪರ್ಸನಲೈಸ್‌ಗೆ ಹೋಗಿ, ವಿಂಡೋ ಕಲರ್, ಅಲ್ಲಿಂದ ಅಡ್ವಾನ್ಸ್‌ಡ್ ಅಪಿಯರೆನ್ಸ್ ತೆರೆದು 'ವಿಂಡೋ' ಎಂಬುದರ ಬಣ್ಣ ಬದಲಿಸಬೇಕು. ನೋಟ್‌ಪ್ಯಾಡ್ ಆ ಬಣ್ಣವನ್ನೇ ತೆಗೆದುಕೊಳ್ಳುತ್ತದೆ, ಬೇರೆ ಹಲವು ಕಿಟಕಿಗಳೂ ಅದರ ಜೊತೆ ಬದಲಾಗುತ್ತವೆ. ವಿಂಡೋಸ್ 10ರಲ್ಲಿ ಆ ಮೆನು ಇಲ್ಲ. ರಿಜಿಸ್ಟ್ರಿಗೆ ಕೈಹಾಕುವ ದಾರಿಯೊಂದಿದೆ, ಆದರೆ ಹೊಸಬರಿಗೆ ನಾನು ಹೇಳುವುದು ನೈಟ್ ಲೈಟ್. ಒಂದು ಗುಂಡಿ ಒತ್ತಿದರೆ ಇಡೀ ಪರದೆ ಬೆಚ್ಚನೆಯ ಹಳದಿಗೆ ತಿರುಗುತ್ತದೆ. ವಿಂಡೋಸ್ 11ರ ಹೊಸ ನೋಟ್‌ಪ್ಯಾಡಿನ ಸೆಟ್ಟಿಂಗ್ಸ್‌ನಲ್ಲಿ ಬಿಳಿ ಇಲ್ಲವೇ ಕಪ್ಪು ಆಯ್ದುಕೊಳ್ಳಬಹುದು. ಇಷ್ಟದ ಬಣ್ಣವೇ ಬೇಕೆಂದರೆ ಪುಕ್ಕಟೆ ಸಿಗುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿಕೊಂಡು, ಸ್ಟೈಲ್ ಕಾನ್ಫಿಗರೇಟರ್‌ನಲ್ಲಿ ಡೀಫಾಲ್ಟ್ ಸ್ಟೈಲ್‌ನ ಬ್ಯಾಕ್‌ಗ್ರೌಂಡ್ ಬದಲಿಸಬೇಕು.

ಯಾವ ಬಣ್ಣ ಅನ್ನುವುದೂ ಮುಖ್ಯ. ಕಂಪ್ಯೂಟರ್ ಬಣ್ಣವನ್ನು ಕೆಂಪು, ಹಸಿರು, ನೀಲಿಗಳ ಮೂರು ಅಂಕಿಗಳಲ್ಲಿ ಹಿಡಿಯುತ್ತದೆ, ಒಂದೊಂದೂ 0ಯಿಂದ 255ರವರೆಗೆ. ಬಿಳಿ ಎಂದರೆ 255, 255, 255. ಭಂಡಾರದಂಥ ಕಡು ಹಳದಿ 255, 255, 0. ನನ್ನ ಮಟ್ಟಿಗೆ ಅದು ಬಿಳಿಗಿಂತ ಹೆಚ್ಚು ಕುಕ್ಕುತ್ತದೆ. ನನಗೆ ಒಗ್ಗಿದ್ದು 255, 250, 220ರ ಸುತ್ತಿನ ಕೆನೆಬಣ್ಣ. ಕಪ್ಪು ಹಿನ್ನೆಲೆ ಕೆಲವರಿಗೆ ಹಿತ, ಆದರೆ ನನ್ನ ಕಣ್ಣಿಗೆ ಅಲ್ಲಿ ಸಣ್ಣ ಒತ್ತಕ್ಷರಗಳು ಕಲಸಿಕೊಳ್ಳುತ್ತವೆ. ಕನ್ನಡಕ್ಕೆ ಬಣ್ಣ ಬದಲಿಸುವ ಮೊದಲು ಅಕ್ಷರ ದೊಡ್ಡದು ಮಾಡಿ ನೋಡಬೇಕು. ಮಾಸ್ತರರಿಗೆ ಅರ್ಧ ಆರಾಮ ಆದದ್ದು ಅದರಿಂದಲೇ.

ಬಣ್ಣ ಕಾಗದದ ಮೇಲೆ ಬೇಕಿದ್ದರೆ ದಾರಿ ಬೇರೆ. ವರ್ಡ್‌ನಲ್ಲಿ ಡಿಸೈನ್‌ಗೆ ಹೋಗಿ ಪೇಜ್ ಕಲರ್ ಕೊಟ್ಟರೆ ಅದು ಫೈಲಿನಲ್ಲೇ ಉಳಿಯುತ್ತದೆ. ಆದರೂ ಪ್ರಿಂಟಿಗೆ ತಾನಾಗಿ ಬರುವುದಿಲ್ಲ, ಆಪ್ಶನ್ಸ್‌ನ ಡಿಸ್‌ಪ್ಲೇ ಭಾಗದಲ್ಲಿ ಹಿನ್ನೆಲೆ ಬಣ್ಣ ಮುದ್ರಿಸಲು ಗುರುತು ಹಾಕಬೇಕು. ಕರಪತ್ರಕ್ಕೆ ಅದೂ ದಂಡ, ಪುಟ ತುಂಬ ಶಾಯಿ ಹೋಗುತ್ತದೆ. ಗುಲಾಬಿಯೋ ಹಳದಿಯೋ ಬಣ್ಣದ ಕಾಗದದ ಮೇಲೆ ಕಪ್ಪಿನಲ್ಲಿ ಹೊಡೆಸುವುದು ಅಗ್ಗ.

ಬಣ್ಣಕ್ಕಿಂತ ಜತನ ಮಾಡಬೇಕಾದ್ದು ಅಕ್ಷರ. ಹಳೆಯ ವಿಂಡೋಸಿನ ನೋಟ್‌ಪ್ಯಾಡ್ ಫೈಲನ್ನು 'ಆನ್ಸಿ' ರೂಪದಲ್ಲಿ ಉಳಿಸಲು ಹೋಗುತ್ತದೆ. ಅದರ ಎಚ್ಚರಿಕೆ ಓದದೆ ಓಕೆ ಒತ್ತಿದರೆ ಯೂನಿಕೋಡ್ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗುತ್ತದೆ, ಫೈಲು ಮುಚ್ಚಿದ ಮೇಲೆ ಮರಳಿ ಬಾರದು. ಸೇವ್ ಆ್ಯಸ್‌ನ ಕೆಳಗೆ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಆಯ್ದುಕೊಳ್ಳಬೇಕು. 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಹೊಡೆದ ಪಠ್ಯವನ್ನು ನೋಟ್‌ಪ್ಯಾಡಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚೂರುಗಳಂತೆ ಕಾಣುತ್ತದೆ. ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು.

ಈಗ ಯಾರೇ ಬಣ್ಣ ಕೇಳಿದರೂ ನನ್ನ ಮರುಪ್ರಶ್ನೆ: ಓದಲಿಕ್ಕೋ, ಕಳಿಸಲಿಕ್ಕೋ, ಅಚ್ಚಿಗೋ? ಓದಲಿಕ್ಕಾದರೆ ಅವರ ಕಂಪ್ಯೂಟರಿನ ಸೆಟ್ಟಿಂಗು ಬದಲಿಸುತ್ತೇನೆ. ಬಣ್ಣದ ಸಮೇತ ಕಳಿಸಲಿಕ್ಕಾದರೆ ವರ್ಡ್‌ನಲ್ಲಿ ಮಾಡಿ ಪಿಡಿಎಫ್ ಕೊಡುತ್ತೇನೆ. ಅಚ್ಚಿಗಾದರೆ ಪ್ರೆಸ್ಸಿನವರ ಹತ್ತಿರ ಯಾವ ಬಣ್ಣದ ಕಾಗದ ಇದೆ ಎಂದು ಮೊದಲು ಫೋನು ಮಾಡುತ್ತೇನೆ.