ಮನೆಯಲ್ಲಿ ಬಂದೂಕು ಜೋಡಿಸುವುದು, ರಿಪೇರಿ ಮಾಡುವುದು : ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



ಕಳೆದ ಮಳೆಗಾಲದಲ್ಲಿ ಸದಸ್ಯರೊಬ್ಬರು ಸಂಘದ ಕಛೇರಿಗೆ ಒಂದು ಗೋಣಿಚೀಲ ಹಿಡಿದು ಬಂದರು. ಅದರಲ್ಲಿ ಬಿಡಿಭಾಗಗಳಿಂದ ಜೋಡಿಸಿದ ಒಂದು ಪಿಸ್ತೂಲು. ಕೆಲವು ಭಾಗ ಯಾರಿಂದಲೋ ಕೊಂಡದ್ದು, ಕೆಲವು ಲೇತಿನಲ್ಲಿ ಮಾಡಿಸಿದ್ದು. "ಸೆಕ್ರೆಟರಿಗಳೇ, ಸ್ಪ್ರೇಯರ್ ಪಂಪು ಬಿಚ್ಚಿ ಜೋಡಿಸುವುದನ್ನು ನಮಗೆಲ್ಲ ಕಲಿಸಿದವರು ನೀವು. ಇದು ಹಿಡಿದುಕೊಳ್ಳುತ್ತದೆ, ಸ್ವಲ್ಪ ನೋಡಿಕೊಡಿ" ಎಂದರು. ನಾವು ಅದನ್ನು ಮುಟ್ಟಲಿಲ್ಲ. ಏಕೆ ಮುಟ್ಟಲಿಲ್ಲ ಎಂಬುದನ್ನು ಅವರಿಗೆ ಹೇಳಿದಂತೆಯೇ ಇಲ್ಲಿ ಎಲ್ಲರಿಗೂ ಹೇಳುತ್ತಿದ್ದೇವೆ.

ಪಂಪು ಬೇರೆ, ಬಂದೂಕು ಬೇರೆ

ಬೋರ್ಡೋ ಸಿಂಪಡಿಸುವ ಪಂಪಿನ ವಾಷರ್ ಸರಿಯಾಗಿ ಕೂರದಿದ್ದರೆ ದ್ರಾವಣ ಸೋರಿ ಅಂಗಿ ನೀಲಿಯಾಗುತ್ತದೆ, ಅಷ್ಟೆ. ತೋಟೆ ಸಿಡಿದಾಗ ನಳಿಗೆಯೊಳಗೆ ಹುಟ್ಟುವ ಒತ್ತಡವಾದರೋ ಪಂಪಿನ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಅದನ್ನು ತಡೆಯುವುದಕ್ಕೆ ತಕ್ಕ ಉಕ್ಕು, ತಕ್ಕ ಹದ, ಕೂದಲೆಳೆಯಷ್ಟೂ ತಪ್ಪದ ಅಳತೆ ಬೇಕು. ಕಾರ್ಖಾನೆಯಲ್ಲಿ ಮಾಮೂಲಿಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ ಪರೀಕ್ಷಿಸಿದ ಮೇಲೆಯೇ ಮುದ್ರೆ ಒತ್ತುತ್ತಾರೆ. ಲೇತಿನಲ್ಲಿ ಕಡೆದ ಉಕ್ಕಿಗೆ ಈ ಪರೀಕ್ಷೆ ಇಲ್ಲ. ಹೊರನೋಟಕ್ಕೆ ಎರಡೂ ಒಂದೇ. ವ್ಯತ್ಯಾಸ ತಿಳಿಯುವುದು ನಳಿಗೆ ಸೀಳಿದಾಗ, ಆಗ ಬೆರಳು, ಕಣ್ಣು ಉಳಿದಿರುವುದಿಲ್ಲ. ಕುದುರೆಯನ್ನು ಹಿಡಿದಿಡುವ ಕೊಕ್ಕೆ ಸರಿಯಾಗಿ ಕೂರದಿದ್ದರಂತೂ ಕೈತಪ್ಪಿ ಬಿದ್ದ ಪೆಟ್ಟಿಗೇ ಈಡು ಹಾರಬಹುದು.

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ "ಶಸ್ತ್ರ" ಎಂದರೆ ಇಡೀ ಬಂದೂಕು ಮಾತ್ರವಲ್ಲ, ಅದರ ಬಿಡಿಭಾಗಗಳೂ ಸೇರಿವೆ. ಆದ್ದರಿಂದ "ಪೂರ್ತಿ ಜೋಡಿಸಿಲ್ಲ, ಬರೀ ಭಾಗಗಳು" ಎಂಬ ಸಮಾಧಾನ ನಡೆಯದು.

1. 3ನೇ ಕಲಂ ಪ್ರಕಾರ ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಸಾಮಾನ್ಯವಾಗಿ 2 ಬಂದೂಕುಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮೊದಲು 3 ಇತ್ತು.

2. 5ನೇ ಕಲಂ ಪ್ರಕಾರ ತಯಾರಿಸುವುದಕ್ಕೆ, ಮಾರ್ಪಡಿಸುವುದಕ್ಕೆ, ರಿಪೇರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಇಟ್ಟುಕೊಳ್ಳುವ ಲೈಸೆನ್ಸ್ ಇದ್ದವರಿಗೆ ಈ ಹಕ್ಕು ತಾನಾಗಿ ಬರುವುದಿಲ್ಲ.

3. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 25ನೇ ಕಲಂ ಮೇರೆಗೆ ಕನಿಷ್ಠ 7 ವರ್ಷ ಸೆರೆ, ಜೀವಾವಧಿಯವರೆಗೂ ಹೋಗಬಹುದು.

4. ಬೆಳೆ ರಕ್ಷಣೆಗೆಂದು 13ನೇ ಕಲಂ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕಡೆಯ ಕೇಪಿನ ಕೋವಿಯನ್ನು. ಪಿಸ್ತೂಲಿನ ಮಾತು ಅಲ್ಲಿಲ್ಲ. ಕೋವಿಗೆ ಲೈಸೆನ್ಸ್ ಇದೆಯೆಂದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಹೊಡೆಯುವ ಹಕ್ಕೂ ಬರುವುದಿಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವಿದೆ.

ಕೊಡಗಿನ ಸದಸ್ಯರು "ನಮಗೆ ವಿನಾಯಿತಿ ಇದೆಯಲ್ಲ" ಎನ್ನಬಹುದು. ಇದೆ, ನಿಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ರಾಜ್ಯ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಹೊತ್ತು ತಿರುಗುವುದಕ್ಕೆ. ಮನೆಯಲ್ಲಿ ತಯಾರಿಸುವುದಕ್ಕಲ್ಲ.

ಲೈಸೆನ್ಸ್ ಇರುವ ಕೋವಿ ಕೆಟ್ಟಾಗ

ಕೇಪು ಹೊಡೆದೂ ಈಡು ಹಾರದಿದ್ದರೆ : ನಳಿಗೆಯನ್ನು ಜನರಿಲ್ಲದ ಕಡೆಗೇ ಹಿಡಿದು ಕನಿಷ್ಠ 1 ನಿಮಿಷ ಕಾಯಿರಿ. ಮದ್ದು ತಡವಾಗಿ ಹತ್ತುವುದುಂಟು. ಬಾಯಿಯ ಕಡೆಯಿಂದ ಇಣುಕಬಾರದು.

ಸದ್ದು ಎಂದಿಗಿಂತ ಮೆತ್ತಗೆ ಬಂದರೆ : ಇನ್ನೊಂದು ಈಡು ಹಾರಿಸಬೇಡಿ. ನಳಿಗೆಯೊಳಗೆ ಏನಾದರೂ ಸಿಕ್ಕಿಕೊಂಡಿರಬಹುದು. ಎರಡನೆಯ ಈಡಿಗೆ ನಳಿಗೆ ಒಡೆಯುತ್ತದೆ.

ಕುದುರೆ ನಿಲ್ಲದೆ ಜಾರಿದರೆ, ನಳಿಗೆ ತಗ್ಗಿದ್ದರೆ, ತುಕ್ಕು ಗುಳಿ ಬಿದ್ದಿದ್ದರೆ : ತುಂಬಲೇಬಾರದು. ಅರ ಹಿಡಿದು ಉಜ್ಜಬಾರದು, ಬೆಸುಗೆ ಹಾಕಿಸಬಾರದು.

ಈ ಮೂರರಲ್ಲೂ ಕೋವಿಯನ್ನು ಬರಿದುಮಾಡಿ, ಲೈಸೆನ್ಸ್ ಪುಸ್ತಕದ ಸಮೇತ ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿಗೆ ಒಯ್ದು, ರಸೀತಿ ಪಡೆಯಿರಿ. ಮನೆಯಲ್ಲಿ ನಾವು ಮಾಡಬಹುದಾದದ್ದು ಒರೆಸಿ ಎಣ್ಣೆ ಹಚ್ಚುವುದು, ಕೋವಿಯನ್ನೂ ತೋಟೆಗಳನ್ನೂ ಬೇರೆ ಬೇರೆ ಬೀಗದಲ್ಲಿಡುವುದು. ಹಂದಿಗೆಂದು ದಾರಿಯಲ್ಲಿ ಕೋವಿ ಕಟ್ಟಿಡುವುದಂತೂ ಬೇಡವೇ ಬೇಡ. ಮುಂಜಾನೆ ತೋಟಕ್ಕೆ ಹೋಗುವ ಆಳುಗಳ ಕಾಲೂ ಅದೇ ದಾರಿಯಲ್ಲಿ.

ನಮ್ಮದೇ ಒಂದು ತಪ್ಪು

ತಂದೆಯವರು ತೀರಿಕೊಂಡಾಗ ಅವರ ಜೋಡುನಳಿಗೆ ಕೋವಿ ತಿಂಗಳುಗಟ್ಟಲೆ ಜಗಲಿಯ ಗೋಡೆಯಲ್ಲೇ ಇತ್ತು. ಲೈಸೆನ್ಸ್ ಅವರ ಹೆಸರಿನಲ್ಲಿದ್ದುದರಿಂದ ಅವರೊಡನೆಯೇ ಅದರ ಬಲವೂ ಮುಗಿಯಿತೆಂಬುದು ನಮಗೆ ಹೊಳೆಯಲೇ ಇಲ್ಲ. ಪದವಿ ಓದಿದ್ದು ಆಗ ಉಪಯೋಗಕ್ಕೆ ಬರಲಿಲ್ಲ. ಪರಿಚಯದ ವಕೀಲರು ಕಾಫಿ ಕುಡಿಯಲು ಬಂದವರು ನೋಡಿ ಎಚ್ಚರಿಸಿದ ಮರುದಿನವೇ ಠಾಣೆಯಲ್ಲಿ ಠೇವಣಿ ಇಟ್ಟೆವು. ಇಂಥ ಕೋವಿಯನ್ನು ಹತ್ತಿರದ ಠಾಣೆಯಲ್ಲಾಗಲಿ ಪರವಾನಗಿ ಇರುವ ವ್ಯಾಪಾರಿಯಲ್ಲಾಗಲಿ ತಡಮಾಡದೆ ಠೇವಣಿ ಇಡಬೇಕೆಂದು 21ನೇ ಕಲಂ ಹೇಳುತ್ತದೆ. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಹಾಕಬಹುದು.

ಗೋಣಿಚೀಲದ ಸದಸ್ಯರು ಅಂದು ಸ್ವಲ್ಪ ಬೇಸರದಿಂದಲೇ ಎದ್ದರು. "ಅದನ್ನು ಇನ್ನೊಮ್ಮೆ ಬಿಚ್ಚಲೂ ಬೇಡಿ, ಹೊಳೆಗೆ ಎಸೆಯಲೂ ಬೇಡಿ, ಮೊದಲು ವಕೀಲರನ್ನು ಕಂಡು, ಅವರ ಮೂಲಕ ಠಾಣೆಗೆ ಒಪ್ಪಿಸಿ" ಎಂದಿದ್ದೆವು. ಒಪ್ಪಿಸಿದರೆಂದು ಆಮೇಲೆ ತಿಳಿಯಿತು. ಕೇಸಿನ ಚಿಂತೆ ಅವರಿಗೆ ಇನ್ನೂ ಇದೆ. ಹತ್ತು ಬೆರಳೂ ಇವೆ. ಈ ವರ್ಷದ ಅಡಿಕೆಯನ್ನು ಅವರೇ ನಿಂತು ಕೊಯ್ಲು ಮಾಡಿಸಿದರು.

ಸದಸ್ಯರು ತಮ್ಮ ಮನೆಯ ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಎಂದಿಗೆ ಮುಗಿಯುತ್ತದೆ ಎಂಬುದನ್ನು ಈ ದಿನವೇ ನೋಡಿಕೊಳ್ಳಬೇಕಾಗಿ ಕೋರುತ್ತೇವೆ. ಅರ್ಜಿ ಬರೆಯುವುದರಲ್ಲಿ ಸಹಾಯ ಬೇಕಾದವರು ಕಛೇರಿಯ ವೇಳೆಯಲ್ಲಿ ಬರಬಹುದು. ಕಾಗದಪತ್ರ ತನ್ನಿ, ಕೋವಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

— ಕಾರ್ಯದರ್ಶಿ